ಮೊಂತಾಯೂ: ತಪ್ಪೊಪ್ಪಿಗೆಯಲ್ಲಿ ಉಳಿದುಕೊಂಡ ಹಳ್ಳಿ

ಮೊಂತಾಯೂ ಅನ್ನುವ ಹಳ್ಳಿಯಲ್ಲಿ ಒಂದು ಮನೆಯ ಸೂರು ಎಷ್ಟು ತಗ್ಗಿನಲ್ಲಿತ್ತು ಅಂದರೆ, ಹೊರಗೆ ನಿಂತವರು ತಲೆ ಕೊಟ್ಟು ಅದರ ಅಂಚನ್ನು ಸ್ವಲ್ಪ ಎತ್ತಿದರೆ ಸಾಕು, ಒಳಗಿನ ಅಡುಗೆಮನೆ ಕಾಣುತ್ತಿತ್ತು. ಇದು 700 ವರ್ಷದ ಹಿಂದಿನ ಮಾತು. ಆ ಮನೆಯವರು ರಾಜರಲ್ಲ, ಜಮೀನ್ದಾರರೂ ಅಲ್ಲ, ಸಾಮಾನ್ಯ ರೈತರು. ಅವರ ಸೂರಿನ ಎತ್ತರ ಇಷ್ಟು ಕಾಲದ ಮೇಲೆ ನಮಗೆ ಹೇಗೆ ಗೊತ್ತಾಯಿತು?

ಯಾರೋ ಹಾಗೆ ಇಣುಕಿದ್ದರು. ಆಮೇಲೆ ಅದನ್ನು ಒಬ್ಬ ಬಿಷಪ್‌ನ ಮುಂದೆ ಬಾಯಿಬಿಟ್ಟರು. ಗುಮಾಸ್ತ ಬರೆದುಕೊಂಡ. ಅಷ್ಟೇ ಕಥೆ. ಆದರೆ ಈ ‘ಅಷ್ಟೇ’ ಅನ್ನುವುದರೊಳಗೆ ಯುರೋಪಿನ ಇತಿಹಾಸದಲ್ಲೇ ಅಪರೂಪದ ಒಂದು ಪವಾಡ ಇದೆ. ಜೊತೆಗೆ ಸಾಕಷ್ಟು ಕಣ್ಣೀರೂ ಇದೆ.

ಮೊದಲು ಊರು ಎಲ್ಲಿದೆ ನೋಡೋಣ. ಫ್ರಾನ್ಸಿನ ದಕ್ಷಿಣದ ತುದಿಯಲ್ಲಿ ಪಿರೆನೀಸ್ ಬೆಟ್ಟಸಾಲಿದೆ. ಅದರ ಆಚೆ ಸ್ಪೇನ್. ಈಚೆ ಬದಿಯ ಅರಿಯೇಜ್ ಜಿಲ್ಲೆಯಲ್ಲಿ, ಸಮುದ್ರಮಟ್ಟದಿಂದ 1,300 ಮೀಟರಿಗೂ ಎತ್ತರದಲ್ಲಿ ಮೊಂತಾಯೂ ಕೂತಿದೆ. ಚಳಿಗಾಲದಲ್ಲಿ ಹಿಮ. 1300ರ ಸುಮಾರಿಗೆ ಇಲ್ಲಿ ಇದ್ದವರು ಹೆಚ್ಚೆಂದರೆ 250 ಜನ, ಮನೆಗಳು 40ರ ಆಸುಪಾಸು. ಗುಡ್ಡದ ತಲೆಯ ಮೇಲೆ ಕೋಟೆ, ಅದರ ಕೆಳಗೆ ಮೆಟ್ಟಿಲಿಟ್ಟಂತೆ ಮನೆಗಳು, ಊರಿನ ಹೊರಗೆ ಮೇರಿ ಮಾತೆಯ ಚರ್ಚು. ಗೋಧಿ, ಓಟ್ಸ್, ಟರ್ನಿಪ್ ಬೆಳೆಯುತ್ತಿದ್ದರು. ದ್ರಾಕ್ಷಿ ಬೆಳೆಯುವಷ್ಟು ಬಿಸಿಲಿಲ್ಲ, ವೈನ್ ಕೆಳಗಿನ ಊರುಗಳಿಂದ ಬರಬೇಕು. ಊರಿನಲ್ಲಿ ಹಿಟ್ಟಿನ ಗಿರಣಿಯೂ ಇರಲಿಲ್ಲ. ಗೋಧಿಯನ್ನು ಹೇಸರಗತ್ತೆಯ ಮೇಲೆ ಹೇರಿಕೊಂಡು ಆಕ್ಸ್ ಪಟ್ಟಣಕ್ಕೆ ಹೋಗಿ ಬೀಸಿಸಿಕೊಂಡು ಬರಬೇಕಿತ್ತು. ಮಾತು ಫ್ರೆಂಚ್ ಅಲ್ಲ, ಆಕ್ಸಿಟನ್. ದೊರೆ ಫ್ವಾ ಪ್ರಾಂತ್ಯದ ಕೌಂಟ್.

ಇಂಥ ಊರುಗಳು ಆ ಬೆಟ್ಟಗಳಲ್ಲಿ ಇನ್ನೂ ಬೇಕಾದಷ್ಟಿದ್ದವು. ಅವುಗಳ ಬಗ್ಗೆ ಇಷ್ಟು ವಿವರ ನಮಗೆ ಗೊತ್ತಿಲ್ಲ. ಮೊಂತಾಯೂವನ್ನು ಉಳಿಸಿದ್ದು ಅದರ ದುರದೃಷ್ಟ.

ಆ ದುರದೃಷ್ಟದ ಹೆಸರು ಕ್ಯಾಥರ್ ಪಂಥ. ಇದನ್ನು ಸರಳವಾಗಿ ಹೇಳುವುದಾದರೆ ಹೀಗೆ: ಜಗತ್ತಿನಲ್ಲಿ ಇಷ್ಟು ನೋವಿದೆ, ಕೊಳಕಿದೆ. ಒಳ್ಳೆಯ ದೇವರು ಇಂಥದ್ದನ್ನು ಮಾಡಿರಲು ಸಾಧ್ಯವೇ ಇಲ್ಲ. ಹಾಗಾಗಿ ಕಣ್ಣಿಗೆ ಕಾಣುವ ಈ ಲೋಕ, ಈ ಮೈ, ಎಲ್ಲವೂ ಕೆಟ್ಟ ಶಕ್ತಿಯ ಕೆಲಸ. ಆತ್ಮ ಮಾತ್ರ ಒಳ್ಳೆಯ ದೇವರದ್ದು, ಅದು ಮೈಯೊಳಗೆ ಸಿಕ್ಕಿಬಿದ್ದಿದೆ. ಬಿಡುಗಡೆ ಸಿಗುವವರೆಗೆ ಒಂದು ಮೈಯಿಂದ ಇನ್ನೊಂದಕ್ಕೆ ಅಲೆಯುತ್ತದೆ, ಪ್ರಾಣಿಯ ಮೈಯಾದರೂ ಸರಿ. ಹೌದು, ಪುನರ್ಜನ್ಮ. ಮಧ್ಯಯುಗದ ಕ್ರೈಸ್ತ ಯುರೋಪಿನ ನಡುಮಧ್ಯೆ.

ಅಲ್ಲಿನ ಕುರುಬರು ಇದರ ಬಗ್ಗೆ ಒಂದು ಕಥೆ ಹೇಳಿಕೊಳ್ಳುತ್ತಿದ್ದರು. ಒಬ್ಬ ಸಂತ ಗೆಳೆಯನ ಜೊತೆ ದಾರಿಯಲ್ಲಿ ಹೋಗುತ್ತಿದ್ದ. ಒಂದು ಕಡೆ ನಿಂತು, ‘ಹಿಂದೆ ನಾನು ಕುದುರೆಯಾಗಿದ್ದಾಗ ಇಲ್ಲೇ ಎರಡು ಕಲ್ಲುಗಳ ನಡುವೆ ಕಾಲು ಸಿಕ್ಕಿ ಲಾಳ ಕಳೆದುಕೊಂಡಿದ್ದೆ’ ಅಂದ. ಇಬ್ಬರೂ ಹುಡುಕಿದರು. ಲಾಳ ಸಿಕ್ಕಿತು. ಬಿಷಪ್‌ನ ಗುಮಾಸ್ತ ಬರೆದ ವಿಚಾರಣೆಯ ಕಡತದಲ್ಲಿ ಈ ಕಥೆ ಬೇರೆ ಬೇರೆಯವರ ಬಾಯಲ್ಲಿ ಮತ್ತೆ ಮತ್ತೆ ಬರುತ್ತದೆ. ದೇವತಾಶಾಸ್ತ್ರ ಅರ್ಥವಾಗದವರಿಗೂ ಲಾಳ ಅರ್ಥವಾಗುತ್ತದೆ ನೋಡಿ.

ಪಂಥದ ಸಂತರನ್ನು ಜನ ಕರೆಯುತ್ತಿದ್ದದ್ದು ‘ಒಳ್ಳೆಯವರು’ ಅಂತ. ಇವರು ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಮುಟ್ಟುವಂತಿಲ್ಲ. ಮೀನು ಮಾತ್ರ ತಿನ್ನಬಹುದು. ಹೆಣ್ಣಿನ ಸಂಗ ಇಲ್ಲ. ಆಣೆ ಇಡುವಂತಿಲ್ಲ, ಪ್ರಾಣಿ ಕೊಲ್ಲುವಂತಿಲ್ಲ. ಇಷ್ಟು ಕಟ್ಟುನಿಟ್ಟು ಎಲ್ಲರಿಂದ ಆಗುತ್ತದಾ? ಆಗಲ್ಲ. ಅದಕ್ಕೆ ಒಂದು ಅನುಕೂಲ ಇತ್ತು. ಸಾಮಾನ್ಯ ಭಕ್ತರು ಜೀವನವಿಡೀ ಎಲ್ಲರ ಹಾಗೆ ಉಂಡುತಿಂದು ಬದುಕಬಹುದು. ಸಾಯುವ ಹೊತ್ತಿಗೆ ಒಬ್ಬ ಒಳ್ಳೆಯವನನ್ನು ಕರೆಸಿ ‘ಸಾಂತ್ವನ’ ಅನ್ನುವ ದೀಕ್ಷೆ ತೆಗೆದುಕೊಂಡರೆ ಆತ್ಮ ನೇರ ಸ್ವರ್ಗಕ್ಕೆ. ಆದರೆ ದೀಕ್ಷೆಯಾದ ಮೇಲೆ ನಿಯಮ ಮುರಿಯಬಾರದು. ಕಾಯಿಲೆಯವರು ಬರೀ ನೀರು ಕುಡಿದುಕೊಂಡು ಸಾವಿಗೆ ಕಾಯುತ್ತಿದ್ದರು. ಇದಕ್ಕೆ ‘ಎಂದೂರ’ ಅಂತ ಹೆಸರು.

ಪಕ್ಕದ ಸೀಮೆಯ ಆರ್ಕ್ ಎಂಬ ಊರಿನಲ್ಲಿ ಸಿಬಿಲ್ ಅನ್ನುವವಳ ಮಗು, ಇನ್ನೂ ವರ್ಷ ತುಂಬಿರಲಿಲ್ಲ, ತುಂಬಾ ಕಾಯಿಲೆ ಬಿತ್ತು. ಒಳ್ಳೆಯವನು ಬಂದು ಕೂಸಿಗೆ ದೀಕ್ಷೆ ಕೊಟ್ಟ. ಇನ್ನು ಹಾಲು ಕೊಡಬೇಡ ಅಂದ. ಗಂಡನಿಗೆ ಖುಷಿ, ಮಗಳು ಸತ್ತರೆ ದೇವರ ಮಗಳಾಗುತ್ತಾಳೆ ಅಂತ. ಗಂಡಸರು ಹೊರಗೆ ಹೋದ ತಕ್ಷಣ ತಾಯಿಗೆ ತಡೆಯಲಾಗಲಿಲ್ಲ, ಮೊಲೆ ಕೊಟ್ಟಳು. ಗಂಡ ಸಿಟ್ಟಾದ, ತುಂಬಾ ದಿನ ಮಾತೇ ಬಿಟ್ಟ. ಮಗು ಆಮೇಲೂ ಸುಮಾರು ಒಂದು ವರ್ಷ ಬದುಕಿತು. ಎಷ್ಟೋ ಗ್ರಂಥಗಳು ಹೇಳಲಾರದ್ದನ್ನು ಈ ಒಂದು ಸಾಕ್ಷ್ಯ ಹೇಳುತ್ತದೆ ಅಂತ ನನಗನ್ನಿಸುತ್ತದೆ. ಜನ ಪಂಥವನ್ನು ನಂಬಿದ್ದರು, ಆದರೆ ಪಂಥಕ್ಕಿಂತ ಹಳೆಯದು ಕೆಲವಿರುತ್ತವೆ.

ರೋಮಿನ ಚರ್ಚಿಗೆ ಈ ಪಂಥವನ್ನು ಸಹಿಸಲಾಗಲಿಲ್ಲ. 1209ರಿಂದ 1229ರವರೆಗೆ ದಕ್ಷಿಣ ಫ್ರಾನ್ಸಿನ ಮೇಲೆ ಧರ್ಮಯುದ್ಧವೇ ನಡೆಯಿತು. 1244ರಲ್ಲಿ ಮೋನ್‌ಸೆಗ್ಯೂರ್ ಕೋಟೆ ಬಿದ್ದಾಗ 200ಕ್ಕೂ ಹೆಚ್ಚು ಜನರನ್ನು ಒಟ್ಟಿಗೆ ಸುಟ್ಟರು. ಅಲ್ಲಿಗೆ ಕಥೆ ಮುಗಿಯಿತು ಅಂದುಕೊಂಡಿದ್ದರು. ಮುಗಿಯಲಿಲ್ಲ. ಆಕ್ಸ್ ಪಟ್ಟಣದಲ್ಲಿ ಪಿಯೇರ್ ಓತಿಯೇ ಮತ್ತು ಗಿಯೋಮ್ ಓತಿಯೇ ಅಂತ ಅಣ್ಣತಮ್ಮ ಇದ್ದರು. ಪತ್ರ ಬರೆದುಕೊಡುವ ನೋಟರಿ ಕೆಲಸ, ಕೈತುಂಬಾ ಆದಾಯ. 1296ರಲ್ಲಿ ಇದ್ದಕ್ಕಿದ್ದಂತೆ ಎಲ್ಲ ಬಿಟ್ಟು ಇಟಲಿಗೆ ಹೋದರು. ಅಲ್ಲಿ ದೀಕ್ಷೆ ಪಡೆದು 1300ರ ಹೊತ್ತಿಗೆ ಗುಟ್ಟಾಗಿ ಊರಿಗೆ ಮರಳಿದರು. ರಾತ್ರಿ ಹೊತ್ತು ಹಳ್ಳಿಯಿಂದ ಹಳ್ಳಿಗೆ ನಡೆದರು. ಮೊಂತಾಯೂ ಅವರ ಕೈಗೆ ಹಣ್ಣಾಗಿ ಸಿಕ್ಕಿತು.

ಯಾಕೆ ಸಿಕ್ಕಿತು ಅನ್ನುವುದೇ ಈ ಊರಿನ ಬೀಗದ ಕೈ. ಇಲ್ಲಿ ಧರ್ಮ ಚರ್ಚಿನಿಂದ ಹರಡಲಿಲ್ಲ, ಅಡುಗೆಮನೆಯಿಂದ ಹರಡಿತು.

ಆ ಸೀಮೆಯಲ್ಲಿ ‘ಓಸ್ತಾಲ್’ ಅನ್ನುವ ಮಾತಿದೆ. ಕಟ್ಟಡಕ್ಕೂ ಅದೇ ಪದ, ಅದರೊಳಗಿನ ಜನಕ್ಕೂ ಅದೇ ಪದ. ನಮ್ಮ ‘ಮನೆ’ ಮತ್ತು ‘ಮನೆತನ’ ಎರಡನ್ನೂ ಸೇರಿಸಿದರೆ ಹತ್ತಿರ ಬರುತ್ತದೆ. ಹೊಲ, ಕುರಿ, ಮಾನ, ಹಗೆ, ನಂಬಿಕೆ ಎಲ್ಲವೂ ಓಸ್ತಾಲ್‌ನದ್ದು. ಮದುವೆ ಅಂದರೆ ವರದಕ್ಷಿಣೆಯ ರೂಪದಲ್ಲಿ ಒಂದು ಓಸ್ತಾಲ್‌ನಿಂದ ಇನ್ನೊಂದಕ್ಕೆ ಆಸ್ತಿ ಸೋರಿಹೋಗುವುದು. ಅದಕ್ಕೇ ಹೆಣ್ಣುಮಕ್ಕಳ ಮದುವೆ ಅಂದರೆ ದೊಡ್ಡ ತಲೆನೋವು. ಮನೆಯ ಎದೆಗುಂಡಿಗೆ ‘ಫೊಗಾನ್ಯ’, ಅಂದರೆ ಒಲೆಯಿರುವ ಅಡುಗೆಕೋಣೆ. ಅದೊಂದನ್ನು ಕಲ್ಲಿನಲ್ಲಿ ಕಟ್ಟುತ್ತಿದ್ದರು, ಉಳಿದದ್ದು ಮರ ಮತ್ತು ಮಣ್ಣು. ಒಳ್ಳೆಯವರು ಬಂದರೆ ಕೂರುತ್ತಿದ್ದದ್ದು ಇದೇ ಒಲೆಯ ಮುಂದೆ. ಯಜಮಾನ ನಂಬಿದರೆ ಮನೆ ನಂಬಿತು. ಬೀಗರ ಮನೆಗೂ ಅದು ಹಬ್ಬಿತು.

ಸುದ್ದಿ ಹರಡುತ್ತಿದ್ದದ್ದು ಹೇನು ನೋಡುವಾಗ. ತಮಾಷೆಗೆ ಹೇಳುತ್ತಿಲ್ಲ. ಬಿಸಿಲಿಗೆ ಬಾಗಿಲ ಮುಂದೆ, ಇಲ್ಲಾ ಚಪ್ಪಟೆ ಮಾಳಿಗೆಯ ಮೇಲೆ ಹೆಂಗಸರು ಒಬ್ಬರ ತಲೆ ಒಬ್ಬರು ನೋಡುತ್ತಾ, ಬೆಂಕಿಗೆ ಹಾಕಿದರೂ ಒಳ್ಳೆಯವರು ನೋವು ತಡೆದುಕೊಳ್ಳುವುದು ಹೇಗೆ ಅನ್ನುವಂಥ ಮಾತಾಡುತ್ತಿದ್ದರು. ಹೇನು ತೆಗೆಯುವುದಕ್ಕೂ ಲೆಕ್ಕ ಇತ್ತು. ಬೇಕಾದವರ ತಲೆಯನ್ನಷ್ಟೇ ನೋಡುವುದು. ಮಗಳು ತಾಯಿಯದ್ದು, ಪ್ರೇಯಸಿ ಪ್ರಿಯಕರನದ್ದು.

ಊರಿನ ಎಲ್ಲ ಓಸ್ತಾಲ್‌ಗಳಿಗಿಂತ ದೊಡ್ಡದು ಕ್ಲೆರ್ಗ್ ಮನೆತನ. ಅಣ್ಣತಮ್ಮಂದಿರಲ್ಲಿ ಬೆರ್ನಾರ್ ಕ್ಲೆರ್ಗ್ ಕೌಂಟನ ಪರವಾಗಿ ಊರಿನ ಅಧಿಕಾರಿ, ದಶಮಾಂಶದ ತೆರಿಗೆ, ಅಂದರೆ ಚರ್ಚಿಗೆ ಕೊಡಬೇಕಾದ ಹತ್ತನೇ ಒಂದು ಪಾಲು, ಅದರ ವಸೂಲಿಯೂ ಅವನದೇ. ಪಿಯೇರ್ ಕ್ಲೆರ್ಗ್ ಚರ್ಚಿನ ಪಾದ್ರಿ. ಅಂದರೆ ಸರ್ಕಾರವೂ ಇವರದೇ, ದೇವರೂ ಇವರದೇ. ಗುಟ್ಟಾಗಿ ಇಬ್ಬರೂ ಕ್ಯಾಥರ್ ಕಡೆಯವರು. ಭಾನುವಾರ ಪೂಜೆ ಮಾಡಿಸುವ ಪಾದ್ರಿಯೇ ರೋಮಿನ ಪೂಜೆಯನ್ನು ನಂಬುತ್ತಿರಲಿಲ್ಲ.

ಇವರ ತಂದೆ ಪೋನ್ಸ್ ತೀರಿಕೊಂಡ ದಿನ ನಡೆದದ್ದನ್ನು ಕೇಳಿ. ಹೆಣವನ್ನು ಅಡುಗೆಕೋಣೆಯಲ್ಲಿ ಮಲಗಿಸಿದ್ದರು. ನೋಡಲು ಜನ ಸೇರಿತ್ತು. ಪಾದ್ರಿ ಎಲ್ಲರನ್ನೂ ಹೊರಗೆ ಕಳಿಸಿ, ಇಬ್ಬರು ಹೆಂಗಸರನ್ನು ಮಾತ್ರ ಒಳಗೆ ಉಳಿಸಿಕೊಂಡ. ಅವರು ಹೆಣದ ಹಣೆಯ ಮೇಲಿನ ಕೂದಲನ್ನೂ ಕೈಕಾಲಿನ ಉಗುರಿನ ಚೂರುಗಳನ್ನೂ ಕತ್ತರಿಸಿ ತೆಗೆದರು. ಯಜಮಾನನ ಜೊತೆ ಮನೆಯ ಅದೃಷ್ಟ ಹೊರಟುಹೋಗಬಾರದು, ಅದಕ್ಕೆ. ಇದು ಕ್ಯಾಥರ್ ಧರ್ಮದಲ್ಲೂ ಇಲ್ಲ, ರೋಮಿನ ಧರ್ಮದಲ್ಲೂ ಇಲ್ಲ. ಇದು ಮನೆಯ ಧರ್ಮ.

ಪಾದ್ರಿಯ ಇನ್ನೊಂದು ಮುಖ ಗೊತ್ತಾಗುವುದು ಬಿಯಾತ್ರಿಸ್ ದ ಪ್ಲಾನಿಸೋಲ್ ಮಾತಿನಿಂದ. ಈಕೆ ಕೋಟೆಯ ಅಧಿಕಾರಿಯ ಹೆಂಡತಿ, ಆಮೇಲೆ ವಿಧವೆ. ಪಾಪ ನಿವೇದನೆಗೆ ಅಂತ ಚರ್ಚಿಗೆ ಹೋದಾಗ ಪಾದ್ರಿಯೇ ಮುತ್ತಿಟ್ಟು ಕೇಳಿದ. ಸ್ವಲ್ಪ ಕಾಲ ತಡೆದಳು, ಆಮೇಲೆ ಒಪ್ಪಿದಳು. ಬಸುರಾದರೆ ಏನು ಗತಿ ಅಂತ ಅವಳಿಗೆ ಭಯ. ಅವನು ಬಟ್ಟೆಯಲ್ಲಿ ಸುತ್ತಿದ ಒಂದು ಬೇರಿನಂಥ ಮದ್ದು ತರುತ್ತಿದ್ದ. ಅದು ತನ್ನ ಕಿರುಬೆರಳಿನ ಮೊದಲ ಗಿಣ್ಣಿನಷ್ಟಿತ್ತು ಅಂತ ಆಕೆ ಹೇಳಿದ್ದಾಳೆ. ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಳ್ಳಬೇಕು. ಹೋಗುವಾಗ ಮರೆಯದೆ ವಾಪಸ್ ಇಸಿದುಕೊಳ್ಳುತ್ತಿದ್ದ, ಬೇರೆಯವರ ಜೊತೆ ಬಳಸದಿರಲಿ ಅಂತ! ನಿನ್ನ ತಂದೆ ಬದುಕಿರುವಾಗ ನೀನು ಬಸುರಾದರೆ ಅವರಿಗೆ ಅವಮಾನ ಅಂತಲೂ ಅಂದಿದ್ದ. ನೋಡಿ, ಇಲ್ಲೂ ಮನೆತನದ ಮಾನದ ಲೆಕ್ಕವೇ. ಒಮ್ಮೆ ಪಕ್ಕದ ಪ್ರಾದ್ ಊರಿನ ಸಂತ ಪೀಟರ್ ಚರ್ಚಿನೊಳಗೇ ಹಾಸಿಗೆ ಹಾಸಿಸಿದ್ದ. ಇಂಥ ಜಾಗದಲ್ಲಾ ಅಂತ ಅವಳು ಹೆದರಿದರೆ, ಪೀಟರನಿಗೆ ಏನು ನಷ್ಟವೋ ಅಂತ ನಕ್ಕುಬಿಟ್ಟ.

ಇಷ್ಟಾದರೂ ಅವನನ್ನು ಬರೀ ಖಳನಾಯಕ ಮಾಡಿ ಬಿಡುವುದು ಸುಲಭ, ಸರಿಯಲ್ಲ. ಅವನು ಎರಡು ದೋಣಿಯಲ್ಲಿ ಕಾಲಿಟ್ಟವನು. ಕಾರ್ಕಸೋನ್ ಪಟ್ಟಣದಲ್ಲಿ ಚರ್ಚಿನ ವಿಚಾರಣಾ ಮಂಡಳಿ ಇತ್ತು, ಅದೇ ಇನ್‌ಕ್ವಿಸಿಷನ್. ಅದರ ಜೊತೆಗೂ ಅವನ ನಂಟಿತ್ತು. ತನಗಾದವರನ್ನು ಕಾಪಾಡಿದ, ಆಗದವರನ್ನು ಹಿಡಿದುಕೊಟ್ಟ. 1308ರಲ್ಲಿ ಕಾರ್ಕಸೋನಿನ ವಿಚಾರಕ ಜೋಫ್ರೂವಾ ದಾಬ್ಲಿಯ ಜನ ಬಂದು ಊರಿನಲ್ಲಿ ವಯಸ್ಸಿಗೆ ಬಂದವರನ್ನೆಲ್ಲ ಒಟ್ಟಿಗೆ ಹಿಡಿದರು. ಇಡೀ ಊರು ಕೈದಿ. ಕೆಲವರು ಜೈಲು ಪಾಲಾದರು. ಬಿಡುಗಡೆಯಾದವರಲ್ಲಿ ಹಲವರು ಎದೆಗೂ ಬೆನ್ನಿಗೂ ಹಳದಿ ಬಟ್ಟೆಯ ದೊಡ್ಡ ಶಿಲುಬೆ ಹೊಲಿದುಕೊಂಡು ಓಡಾಡಬೇಕಾಯಿತು. ಕ್ಲೆರ್ಗ್ ಮನೆ ಮಾತ್ರ ಇನ್ನಷ್ಟು ಬಲವಾಯಿತು. ಅವರ ಗುಟ್ಟು ಹೊರಗೆ ಹಾಕಿದ ಮೆಂಗಾರ್ದ್ ಮೋರ್ಸ್ ಎಂಬ ಹೆಂಗಸಿನ ನಾಲಿಗೆಯನ್ನೇ ಕತ್ತರಿಸಿದರು.

ತಪ್ಪಿಸಿಕೊಂಡವರು ಬೆಟ್ಟ ದಾಟಿ ಸ್ಪೇನಿನ ಕಡೆ ಹೋದರು. ದಾರಿ ಗೊತ್ತಿದ್ದದ್ದು ಕುರುಬರಿಗೆ. ಬೇಸಿಗೆಯಲ್ಲಿ ಕುರಿ ಹೊಡೆದುಕೊಂಡು ಎತ್ತರದ ಹುಲ್ಲುಗಾವಲಿಗೆ ಹತ್ತುವುದು, ಚಳಿಗಾಲದಲ್ಲಿ ಕೆಟಲೋನಿಯಾ ಕಡೆ ಇಳಿಯುವುದು. ಗುಡಿಸಲಿನಲ್ಲಿ ಏಳೆಂಟು ಜನ ಸೇರಿ ಚೀಸ್ ಮಾಡುವುದು, ಒಂದೇ ಪಾತ್ರೆಯಿಂದ ಉಣ್ಣುವುದು. ಇಲ್ಲಿ ಓಸ್ತಾಲ್ ಇಲ್ಲ, ಯಜಮಾನಿಕೆ ಇಲ್ಲ. ಇವರಲ್ಲಿ ನನಗೆ ತುಂಬಾ ಇಷ್ಟವಾಗುವವನು ಪಿಯೇರ್ ಮೋರಿ. ಮನೆಯಿಲ್ಲ, ಹೆಂಡತಿಯಿಲ್ಲ, ಗೆಳೆಯರು ಮಾತ್ರ ಊರೂರಿಗೂ.

ಅವನ ಗುರು ಗಿಯೋಮ್ ಬೆಲಿಬಾಸ್ತ್. ಜಗಳದಲ್ಲಿ ಒಬ್ಬ ಕುರುಬನನ್ನು ಕೊಂದು ಓಡಿಬಂದು ಸಂತನಾದವನು. ಸಂತನಾದರೂ ರೇಮೋಂದ್ ಎಂಬವಳ ಜೊತೆ ಗುಟ್ಟಾಗಿ ಸಂಸಾರ. ಅವಳು ಬಸುರಾದಾಗ ಏನು ಮಾಡಿದ ಗೊತ್ತಾ? ಮೋರಿಯನ್ನು ಹಿಡಿದು, ಇವಳನ್ನು ಮದುವೆಯಾಗು ಅಂದ. ಮದುವೆಯಾಯಿತು. ಕೆಲವೇ ದಿನದಲ್ಲಿ, ಬೇಡ, ಈ ಮದುವೆ ರದ್ದು ಅಂದ. ಮೋರಿ ಅದಕ್ಕೂ ಸರಿ ಅಂದ. ಓದುವ ನಮಗೆ ಸಿಟ್ಟು ಬರುತ್ತದೆ, ಅವನಿಗೆ ಬರಲಿಲ್ಲ.

ಈ ಗುಂಪನ್ನು ಹಿಡಿಸಿದ್ದು ಒಂದು ಉಚ್ಚಾರಣೆ. ಆಕ್ಸ್ ಊರಿನ ಆರ್ನೋ ಸೀಕ್ರ್ ಚಮ್ಮಾರ. ಅವನ ತಾಯಿಯನ್ನು ಪಾಷಂಡಿ, ಅಂದರೆ ಧರ್ಮದ್ರೋಹಿ ಅಂತ ಸುಟ್ಟಿದ್ದರು, ಮನೆ ಮುಟ್ಟುಗೋಲಾಗಿತ್ತು. ಒಬ್ಬ ಒಳ್ಳೆಯವನನ್ನು ಹಿಡಿದುಕೊಟ್ಟರೆ ಮನೆ ವಾಪಸ್ ಸಿಗುತ್ತದೆ ಅನ್ನುವ ಆಸೆ. ಬೆಟ್ಟ ದಾಟಿ ಸಾನ್ ಮಾತೇವು ಪಟ್ಟಣದ ಅಂಗಡಿಯಲ್ಲಿ ಚಪ್ಪಲಿ ಹೊಲಿಯುತ್ತಾ ಕೂತಿದ್ದ. ಬೀದಿಯಲ್ಲಿ ಒಬ್ಬ ಹೆಂಗಸು, ಬೀಸುವುದಕ್ಕೆ ಕಾಳು ಇದೆಯಾ ಅಂತ ಕೂಗಿಕೊಂಡು ಹೋದಳು. ಯಾವ ಊರು ಅಂತ ಕೇಳಿದರೆ ಸಾವೆರ್ದಾನ್ ಅಂದಳು. ಸುಳ್ಳು, ನಿನ್ನ ಮಾತು ಕೇಳಿದರೇ ಗೊತ್ತಾಗುತ್ತದೆ, ನೀನು ಪ್ರಾದ್ ಇಲ್ಲಾ ಮೊಂತಾಯೂ ಕಡೆಯವಳು ಅಂದ. ಸಾವೆರ್ದಾನ್ ಕಡೆಯ ಮಾತಿನ ಧಾಟಿಗೂ ಇವರದ್ದಕ್ಕೂ ಅಷ್ಟು ವ್ಯತ್ಯಾಸ ಇತ್ತು. ಆಕೆ ಊರು ಬಿಟ್ಟು ಬಂದಿದ್ದ ಗಿಯೆಮೆಟ್ ಮೋರಿ. ಅಲ್ಲಿಂದ ಅವಳ ಮನೆ, ಅವಳ ಮನೆಯಿಂದ ಬೆಲಿಬಾಸ್ತ್. ಭಕ್ತನ ವೇಷ ಹಾಕಿ, ನಂಬಿಸಿ, ಕೊನೆಗೆ ಅವನನ್ನು ಫ್ವಾ ಕೌಂಟನ ಹಿಡಿತವಿದ್ದ ಜಾಗಕ್ಕೆ ಕರೆತಂದು ಸಿಕ್ಕಿಸಿದ. 1321ರಲ್ಲಿ ಬೆಲಿಬಾಸ್ತನನ್ನು ವಿಲ್ರೂಜ್-ತೆರ್ಮೆನೆಸ್‌ನಲ್ಲಿ ಸುಟ್ಟರು. ಆ ಸೀಮೆಯಲ್ಲಿ ನಮಗೆ ತಿಳಿದಿರುವ ಕೊನೆಯ ‘ಒಳ್ಳೆಯವನು’ ಅವನೇ. ಸೀಕ್ರ್‌ಗೆ ಮನೆ ಸಿಕ್ಕಿತು.

ಇನ್ನು ಈ ಎಲ್ಲವನ್ನೂ ಬರೆಸಿದವನ ಬಗ್ಗೆ. ಜಾಕ್ ಫೂರ್ನಿಯೇ, ಸಾವೆರ್ದಾನ್ ಊರಿನವನು, ಸನ್ಯಾಸಿ. 1317ರಲ್ಲಿ ಪಾಮಿಯೇ ಪಟ್ಟಣದ ಬಿಷಪ್ ಆದ. 1318ರಿಂದ 1325ರವರೆಗೆ ತನ್ನದೇ ವಿಚಾರಣೆ ನಡೆಸಿದ. 370 ದಿನ, 578 ವಿಚಾರಣೆ, 98 ಪ್ರಕರಣ. ಆರೋಪಿಗಳಲ್ಲಿ 25 ಜನ ಮೊಂತಾಯೂ ಒಂದೇ ಊರಿನವರು. ಸುಟ್ಟದ್ದು ಐದು ಜನರನ್ನು, ಅವರಲ್ಲಿ ನಾಲ್ವರು ವಾಲ್ಡೆನ್ಸಿಯನ್ ಎಂಬ ಬೇರೆ ಪಂಥದವರು. ಚಿತ್ರಹಿಂಸೆ ಇವನ ಅಸ್ತ್ರವಾಗಿರಲಿಲ್ಲ. ಅಸ್ತ್ರ ತಾಳ್ಮೆ. ಅದೇ ಪ್ರಶ್ನೆ ಮತ್ತೆ, ಇನ್ನೊಂದು ಕಡೆಯಿಂದ ಮತ್ತೆ. ಆ ದಿನ ಏನು ಉಂಡಿರಿ, ಯಾರು ಎಲ್ಲಿ ಕೂತಿದ್ದರು, ಬೆಳಕು ಇತ್ತಾ? ಒಬ್ಬರ ಮಾತನ್ನು ಇನ್ನೊಬ್ಬರ ಮಾತಿಗೆ ತಾಳೆ ಹಾಕುವುದು. ಹಳೇ ಕಾಲದ ಘಾಟಿ ಪೊಲೀಸ್ ಇನ್ಸ್‌ಪೆಕ್ಟರ್ ನೆನಪಾಗುತ್ತಾನೆ, ಅಲ್ವಾ? ಜನರಿಗೆ ಅವನ ಮೇಲೆ ಇನ್ನೊಂದು ಸಿಟ್ಟೂ ಇತ್ತು. ಕುರಿಮರಿಗಳ ಮೇಲಿನ ದಶಮಾಂಶವನ್ನು ಬಿಡದೆ ವಸೂಲಿ ಮಾಡಿಸಿದ.

ಇವನ ಕಾಲದಲ್ಲಿ ಕ್ಲೆರ್ಗ್ ಅಣ್ಣತಮ್ಮಂದಿರೂ ಸಿಕ್ಕಿಬಿದ್ದರು. ಪಾದ್ರಿ ಜೈಲಿನಲ್ಲೇ ಸತ್ತ, ಅವನ ಸ್ವಂತ ಹೇಳಿಕೆ ಒಂದು ಸಾಲೂ ಉಳಿದಿಲ್ಲ. ಎಲ್ಲರೂ ಅವನ ಬಗ್ಗೆ ಹೇಳಿದ್ದಾರೆ, ಅವನು ಏನೂ ಹೇಳಿಲ್ಲ. ಬಿಯಾತ್ರಿಸ್‌ಗೆ 1321ರ ಮಾರ್ಚಿನಲ್ಲಿ ಜೈಲು, 1322ರ ಜುಲೈನಲ್ಲಿ ಬಿಡುಗಡೆ, ಮೇಲೆ ಹಳದಿ ಶಿಲುಬೆ. ಹಿಡಿದಾಗ ಅವಳ ಚೀಲದಲ್ಲಿ ಮೊಮ್ಮಕ್ಕಳ ಹೊಕ್ಕುಳಬಳ್ಳಿಗಳು ಸಿಕ್ಕವು. ಅವನ್ನು ಹತ್ತಿರ ಇಟ್ಟುಕೊಂಡರೆ ಕೋರ್ಟಿನಲ್ಲಿ ಗೆಲ್ಲಬಹುದು ಅಂತ ಯಾರೋ ಹೇಳಿದ್ದರಂತೆ. ಪಿಯೇರ್ ಮೋರಿಗೆ 1324ರಲ್ಲಿ ಜೈಲು ಶಿಕ್ಷೆಯಾಯಿತು.

ಫೂರ್ನಿಯೇ ಬೆಳೆಯುತ್ತಾ ಹೋದ. 1327ರಲ್ಲಿ ಕಾರ್ಡಿನಲ್, 1334ರಲ್ಲಿ ಪೋಪ್! ಹನ್ನೆರಡನೇ ಬೆನೆಡಿಕ್ಟ್ ಅನ್ನುವ ಹೆಸರಿನಲ್ಲಿ. ಅವಿನ್ಯೋಂ ನಗರದ ಪೋಪ್ ಅರಮನೆಯ ಕೆಲಸ ಶುರು ಮಾಡಿಸಿದವನು ಇವನೇ. ತನ್ನ ಕಡತವನ್ನು ಚೆನ್ನಾಗಿ ನಕಲು ಮಾಡಿಸಿ ಜೊತೆಗೇ ಒಯ್ದಿದ್ದ. ಅದರ ಒಂದು ಸಂಪುಟ ವ್ಯಾಟಿಕನ್ ಗ್ರಂಥಾಲಯದಲ್ಲಿ ಉಳಿಯಿತು, ಲ್ಯಾಟಿನ್ ಹಸ್ತಪ್ರತಿ ಸಂಖ್ಯೆ 4030. 1965ರಲ್ಲಿ ಜಾನ್ ದುವೆರ್ನ್ವಾ ಅದನ್ನು ಅಚ್ಚು ಹಾಕಿಸಿದರು. 1975ರಲ್ಲಿ ಇತಿಹಾಸಕಾರ ಎಮ್ಯಾನುಯೆಲ್ ಲ ರ್ವಾ ಲದ್ಯೂರಿ ಅದರ ಆಧಾರದಿಂದ ಈ ಊರಿನ ಮೇಲೆ ಪುಸ್ತಕ ಬರೆದರು. ಅದು ಕಾದಂಬರಿಯ ಹಾಗೆ ಮಾರಾಟವಾಗಿ ಮೊಂತಾಯೂ ಜಗತ್ತಿಗೆ ಗೊತ್ತಾಯಿತು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಈ ಜನ ಆಕ್ಸಿಟನ್‌ನಲ್ಲಿ ಮಾತಾಡಿದರು. ಗುಮಾಸ್ತ ಅದನ್ನು ಲ್ಯಾಟಿನ್ನಿಗೆ ತಿರುಗಿಸಿ, ‘ಹೀಗೆಂದಳು, ಹಾಗೆಂದನು’ ಅಂತ ಬರೆದ. ಆಮೇಲೆ ಅವರ ಮಾತಿನಲ್ಲೇ ಓದಿ ಹೇಳಿ ಒಪ್ಪಿಗೆ ಪಡೆದರು. ಎದುರಿಗೆ ಕೂತಿದ್ದವನು ಜೈಲಿಗೆ ಹಾಕಬಲ್ಲವನು. ಪ್ರಾಣಭಯದಲ್ಲಿ ಹೇಳಿದ ಮಾತು ಪೂರ್ತಿ ನಿಜ ಇರುತ್ತದಾ? ನೆರೆಯವರ ಮೇಲಿನ ಹಗೆ ತೀರಿಸಿಕೊಂಡವರೂ ಇದ್ದಾರು. ಹಾಗಾಗಿ ಯಾರು ಪಾಷಂಡಿ, ಯಾರು ಅಲ್ಲ ಅನ್ನುವ ಮಾತನ್ನು ಸ್ವಲ್ಪ ಅನುಮಾನದಿಂದಲೇ ಓದಬೇಕು. ಆದರೆ ಹೇನು, ಸೂರು, ಗೋಧಿ ಹೊತ್ತ ಹೇಸರಗತ್ತೆ, ಇವುಗಳ ಬಗ್ಗೆ ಸುಮ್ನೆ ಸುಳ್ಳು ಹೇಳಿ ಯಾರಿಗೇನು ಲಾಭ? ಬಿಷಪ್‌ಗೆ ಬೇಡವಾದ ಈ ಉಪಕಥೆಗಳೇ ನಮಗೆ ಜಾಸ್ತಿ ಬೆಲೆಯುಳ್ಳವು.

ಈಗ ಮೊಂತಾಯೂಗೆ ಹೋದರೆ ಜಾಸ್ತಿ ಏನೂ ಕಾಣುವುದಿಲ್ಲ. ಗುಡ್ಡದ ಮೇಲೆ ಕೋಟೆಯ ಒಡೆದ ಗೋಡೆ. ಹಳೇ ಊರಿದ್ದ ಇಳಿಜಾರು ಖಾಲಿ, ಈಗಿನ ಮನೆಗಳು ಇನ್ನೂ ಕೆಳಗೆ. ವರ್ಷವಿಡೀ ಅಲ್ಲೇ ಇರುವವರು ಬೆರಳೆಣಿಕೆಯಷ್ಟು. ಬೆಟ್ಟದ ಇತರ ಹಳ್ಳಿಗಳ ಹಾಗೇ ಇಲ್ಲಿಂದಲೂ ಜನ ಪಟ್ಟಣಕ್ಕೆ ಇಳಿದುಹೋದರು. ಊರ ಹೊರಗಿನ ಮೇರಿ ಮಾತೆಯ ಚರ್ಚು ಮಾತ್ರ ಅದೇ ಜಾಗದಲ್ಲಿದೆ, ಹೆಸರು ನೋತ್ರ್ ದಾಮ್ ದ ಕಾರ್ನೆಸ್. ಪಾದ್ರಿ ಪಿಯೇರ್ ಕ್ಲೆರ್ಗ್ ತನ್ನ ತಾಯಿ ಮೆಂಗಾರ್ದಳನ್ನು ಮಣ್ಣು ಮಾಡಿಸಿದ್ದು ಅಲ್ಲೇ, ಮಾತೆಯ ಪೀಠದ ಬಳಿ. ಜೀವನವಿಡೀ ಕ್ಯಾಥರ್ ಸಂತರಿಗೆ ಅನ್ನ ಹಾಕಿದ ಹೆಂಗಸಿಗೆ ರೋಮಿನ ಚರ್ಚಿನಲ್ಲಿ ಅಂಥ ಜಾಗ ಅಂತ ಊರವರು ಆಗಲೇ ಆಡಿಕೊಂಡಿದ್ದರು, ಅದೂ ಕಡತದಲ್ಲಿದೆ. ಪೋನ್ಸ್‌ನ ಕೂದಲು, ಉಗುರು ಕತ್ತರಿಸಿಟ್ಟದ್ದು ಫಲ ಕೊಟ್ಟಿತೋ ಏನೋ, ಇಪ್ಪತ್ತನೇ ಶತಮಾನದಲ್ಲೂ ಊರಿನಲ್ಲಿ ಕ್ಲೆರ್ಗ್ ಅನ್ನುವ ಮನೆತನದ ಹೆಸರು ಇತ್ತು.